ಮುಧೋಳದ ಗೆಳೆಯನಿಗೆ, ಪಗ್ ನಾಯಿಯ ಕುರಿತು

ಪ್ರೀತಿಯ ಗೆಳೆಯಾ,

ಬೆಳಗಾವಿಯಲ್ಲಿರುವ ನಿನ್ನ ತಂಗಿಯ ಮನೆಗೆ ಪಗ್ ಮರಿಯೊಂದನ್ನು ತರಬಹುದೇ, ತಂದರೆ ಸಾಕುವುದು ಹೇಗೆ ಎಂದು ನೀನು ಕೇಳಿದ್ದೆ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಅದಲ್ಲ. ಅಲ್ಲದೆ ನಮ್ಮ ವಿಜಯಪುರ, ಬಾಗಲಕೋಟೆಗಳ ಬಿಸಿಲಿನಲ್ಲಿ ಇಂಥ ಚಪ್ಪಟೆ ಮೂಗಿನ ನಾಯಿಗಳನ್ನು ಸಾಕಿಕೊಂಡವರು ಈಗ ಬಹಳ ಮಂದಿ ಇದ್ದಾರೆ. ನಿನಗೆ ಬರೆದದ್ದನ್ನು ಅವರೂ ಓದಲಿ ಎಂದು ಎಲ್ಲರ ಮುಂದೆ ಇಡುತ್ತಿದ್ದೇನೆ. ಬೇಟೆನಾಯಿಗಳ ಊರಿನವನಿಗೆ ನಾಯಿಯ ಪಾಠವೇ ಎಂದು ನಗಬೇಡ. ಮೊಲದ ಹಿಂದೆ ಓಡುವುದಕ್ಕೆಂದು ಬೆಳೆದ ತಳಿ ನಿನ್ನದು. ನಮ್ಮ ಮನೆಯ ಪಗ್ ಗುಂಡ್ಯಾನ ಪೂರ್ವಜರನ್ನು ಚೀನಾದ ಅರಮನೆಗಳಲ್ಲಿ ಮನುಷ್ಯರ ಮಗ್ಗುಲಲ್ಲಿರಲಿ ಎಂಬ ಒಂದೇ ಕಾರಣಕ್ಕೆ ಸಾಕಿದರು. ಎರಡಕ್ಕೂ ಬೇಕಾಗುವ ಆರೈಕೆ ಬೇರೆ ಬೇರೆ.

ನಾಯಿ ಚಿಕ್ಕದೆಂದು ಅದಕ್ಕೆ ಕಲಿಸುವುದನ್ನು ಬಿಡಬಾರದೆಂದು ತಂಗಿಗೆ ಮೊದಲೇ ಹೇಳು. ನಿನ್ನ ನಾಯಿ ಅತಿಥಿಯ ಮೈಮೇಲೆ ಹಾರಿದರೆ ಮನೆಯವರೆಲ್ಲ ಗಾಬರಿಯಾಗಿ ಅದಕ್ಕೆ ಶಿಸ್ತು ಕಲಿಸುತ್ತಾರೆ. ಏಳೆಂಟು ಕಿಲೋ ತೂಗುವ ಪಗ್ ಹಾಗೆ ಮಾಡಿದರೆ ನಗುತ್ತಾರೆ, ಗುರ್ರೆಂದರೆ ಎತ್ತಿಕೊಂಡು ಮುದ್ದು ಮಾಡುತ್ತಾರೆ, ಹೀಗಾಗಿ ಪಾಪದ ಪ್ರಾಣಿಗೆ ಯಾವುದು ಸರಿ ಎಂಬುದು ಕೊನೆಯವರೆಗೂ ತಿಳಿಯುವುದಿಲ್ಲ. ಮರಿಯ ಬಾಳಿನಲ್ಲಿ ಸುಮಾರು 3ರಿಂದ 14 ವಾರಗಳವರೆಗಿನ ಅವಧಿ ಬಹಳ ದೊಡ್ಡದು. ಕುಕ್ಕರಿನ ಸೀಟಿ, ಟಂಟಂ ಗಾಡಿಯ ಸದ್ದು, ಮಕ್ಕಳ ಗದ್ದಲ, ಪಟಗ ಸುತ್ತಿದ ಹಿರಿಯರು, ಇವೆಲ್ಲವನ್ನೂ ಆಗ ಹೆದರಿಕೆಯಿಲ್ಲದೆ ಕಂಡ ಮರಿ ಮುಂದೆ ಅವುಗಳಿಗೆ ಅಂಜುವುದು ಕಡಿಮೆ. ಲಸಿಕೆಗಳು ಮುಗಿಯುವ ತನಕ ಬೀದಿಯ ನೆಲಕ್ಕೆ ಬಿಡದೆ ಎತ್ತಿಕೊಂಡೇ ಇವನ್ನೆಲ್ಲ ತೋರಿಸಬಹುದು.

ನಿದ್ದೆಯಿಂದ ಎದ್ದ ಕೂಡಲೇ, ಉಂಡ ಕೂಡಲೇ, ಆಡಿ ಮುಗಿಸಿದ ಕೂಡಲೇ ಹೊರಗೆ ಕರೆದೊಯ್ದು, ಅದು ಕೆಲಸ ಮುಗಿಸಿದ ಕ್ಷಣದಲ್ಲೇ ಒಂದು ಚೂರು ತಿನಿಸು ಕೊಡಬೇಕು; ಮನೆಯೊಳಗೆ ಬಂದ ಮೇಲೆ ಕೊಟ್ಟರೆ ಒಳಗೆ ಬಂದದ್ದಕ್ಕೆ ಸಿಕ್ಕಿತೆಂದು ಅದು ತಿಳಿಯುತ್ತದೆ. ಒಳಗೆ ಮಾಡಿದರೆ ಅದರಲ್ಲೇ ಮೂತಿ ತಿಕ್ಕುವ ಹಳೆಯ ಪದ್ಧತಿಯನ್ನು ದಯವಿಟ್ಟು ಯಾರೂ ಅನುಸರಿಸಬೇಡಿ. ಹಾಗೆ ಶಿಕ್ಷೆ ಉಂಡ ನಾಯಿ ನಮ್ಮ ಕಣ್ಣು ತಪ್ಪಿಸಿ ಮಂಚದ ಕೆಳಗೆ ಮಾಡುವುದನ್ನು ಕಲಿಯುತ್ತದೆ, ಅಷ್ಟೇ. ಅವ್ವ ‘ಕುಂದ್ರು’ ಎಂದು, ಮಗಳು ‘ಸಿಟ್’ ಎಂದು ಹೇಳುವುದೂ ಬೇಡ. ಮನೆಮಂದಿಯೆಲ್ಲ ಒಂದೇ ಮಾತನ್ನು ಬಳಸಲಿ.

ಪಗ್‌ಗೆ ತಿನಿಸಿನ ಆಸೆ ಬಹಳ. ಕಲಿಸುವುದಕ್ಕೆ ಅದರಷ್ಟು ಅನುಕೂಲ ಬೇರೊಂದಿಲ್ಲ, ಬೊಜ್ಜು ಬರುವುದಕ್ಕೂ ಅದೇ ಕಾರಣ. ಆದ್ದರಿಂದ ಕಲಿಸುವಾಗ ಕೊಡುವ ಚೂರುಗಳನ್ನು ದಿನದ ಊಟದಿಂದಲೇ ತೆಗೆದಿಡಬೇಕು. ಮೈದಡವಿದಾಗ ಪಕ್ಕೆಲುಬುಗಳು ಬೆರಳಿಗೆ ಸಿಗುವಂತಿದ್ದರೆ ತೂಕ ಸರಿಯಾಗಿದೆ ಎನ್ನಬಹುದು. ಇನ್ನು ನಮ್ಮ ಜಿಲ್ಲೆಯವರು ಮನೆಯ ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕಾದ ಮಾತೊಂದಿದೆ: ದ್ರಾಕ್ಷಿ ಮತ್ತು ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಗಳನ್ನು ಕೆಡಿಸಬಲ್ಲವು. ಎಷ್ಟು ತಿಂದರೆ ಅಪಾಯ ಎಂಬುದು ಒಂದೊಂದು ನಾಯಿಗೆ ಒಂದೊಂದು ಬಗೆಯಾದ್ದರಿಂದ ಚಿಕ್ಕ ನಾಯಿಯ ವಿಷಯದಲ್ಲಿ ಒಂದು ಹಿಡಿಯನ್ನೂ ಹಗುರವಾಗಿ ಕಾಣುವಂತಿಲ್ಲ. ತಿಕೋಟಾ ಕಡೆಯ ಬೀಗರು ಪ್ರೀತಿಯಿಂದ ಚೀಲಗಟ್ಟಲೆ ಒಣದ್ರಾಕ್ಷಿ ಕೊಟ್ಟು ಹೋಗುವ ಊರಿನಲ್ಲಿ, ಅದು ಮಕ್ಕಳ ಜೇಬಿನಿಂದ ನೆಲಕ್ಕೆ ಬೀಳುವ ಊರಿನಲ್ಲಿ, ಈ ಮಾತು ಬಹಳ ಜನರಿಗೆ ತಿಳಿದಿಲ್ಲ. ಉಳ್ಳಾಗಡ್ಡಿ, ಬೆಳ್ಳುಳ್ಳಿಗಳೂ ನಾಯಿಯ ರಕ್ತಕಣಗಳಿಗೆ ಹಾನಿಕರ. ನಮ್ಮ ಯಾವ ಪಲ್ಯದಲ್ಲಿ ಅವಿಲ್ಲ ಹೇಳು!

ಈಗ ಬಿಸಿಲಿನ ವಿಷಯಕ್ಕೆ ಬರುತ್ತೇನೆ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಉಸಿರು ಬಿಡುತ್ತ, ಮೂಗು, ಬಾಯಿ, ನಾಲಿಗೆಗಳ ತೇವವನ್ನು ಆರಿಸುತ್ತ ಮೈಯನ್ನು ತಂಪಾಗಿಸಿಕೊಳ್ಳಬೇಕು. ನಿನ್ನ ನಾಯಿಯ ಉದ್ದನೆಯ ಮೂತಿಯಲ್ಲಿ ಅದಕ್ಕೆ ಧಾರಾಳ ಜಾಗವಿದೆ. ಪಗ್‌ನ ಮುಖದ ಎಲುಬನ್ನು ನಾವು ತಲೆಮಾರುಗಳಿಂದ ಆರಿಸಿ ಆರಿಸಿ ಗಿಡ್ಡ ಮಾಡಿದೆವು, ಒಳಗಿನ ಮೆತ್ತನೆಯ ಭಾಗ ಅದಕ್ಕೆ ತಕ್ಕಂತೆ ಕಿರಿದಾಗಲಿಲ್ಲ; ಹೀಗಾಗಿ ಸಣ್ಣ ಮೂಗಿನ ಹೊಳ್ಳೆಗಳ ಹಿಂದೆ ಉದ್ದನೆಯ ಅಂಗುಳು ಗಂಟಲಿಗೆ ಅಡ್ಡ ಬರುತ್ತದೆ. ಇಂಗ್ಲೆಂಡಿನ ಚಿತ್ರಕಾರ ವಿಲಿಯಂ ಹೊಗಾರ್ತ್ 1745ರಲ್ಲಿ ಮುಗಿಸಿದ ತನ್ನ ಚಿತ್ರದಲ್ಲಿ ತಾನು ಸಾಕಿದ ಪಗ್ ಅನ್ನೂ ಬರೆದಿದ್ದಾನೆ. ಅದರ ಮೂತಿ ಇಂದಿನ ಪಗ್‌ಗಳಿಗಿಂತ ಸ್ಪಷ್ಟವಾಗಿ ಉದ್ದವಿದೆ. ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜು 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಬೇರೆ ನಾಯಿಗಳಿಗಿಂತ ಪಗ್‌ಗಳಲ್ಲಿ ಕಾಯಿಲೆ ಕಾಣಿಸುವ ಸಂಭವ ಸುಮಾರು 1.9 ಪಟ್ಟು ಹೆಚ್ಚು. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿಗೆ ಅಂಥ ಉಸಿರನ್ನು ತಂದು ಇಟ್ಟುಕೊಂಡಿದ್ದೇವೆ. ನಾನು ಗುಂಡ್ಯಾನನ್ನು ಹೊತ್ತು ಮೂಡುವ ಮೊದಲೇ ಬಾರಾ ಕಮಾನಿನ ಕಡೆ ಸುತ್ತಾಡಿಸಿ ತರುತ್ತೇನೆ. ಕೊರಳಪಟ್ಟಿಗೆ ಹಗ್ಗ ಕಟ್ಟುವುದಿಲ್ಲ, ಎದೆಗೆ ಹಾಕುವ ಪಟ್ಟಿಯನ್ನೇ ಬಳಸುತ್ತೇನೆ. ಏದುಸಿರು ನಿಲ್ಲದೆ, ನಾಲಿಗೆ ಕಡುಗೆಂಪಾಗಿ, ಕಾಲು ತಡವರಿಸಿದರೆ ಆಸ್ಪತ್ರೆಗೆ ಓಡುವ ಮೊದಲೇ ಮೈಗೆ ತಣ್ಣೀರು ಸುರಿದು ಗಾಳಿ ಹಾಕಲು ಶುರುಮಾಡಬೇಕು. ಹಸಿ ಟವೆಲ್ಲನ್ನು ಹೊದಿಸಿ ಬಿಟ್ಟರೆ ಅದು ಬಿಸಿಯನ್ನು ಒಳಗೇ ಹಿಡಿದಿಡುತ್ತದೆ.

ಗೆಳೆಯಾ, ಇಷ್ಟು ಬರೆದು ನಿಲ್ಲಿಸಬೇಕೆಂದಿದ್ದೆ, ಆಗುತ್ತಿಲ್ಲ. ಗುಂಡ್ಯಾ ಮಲಗುವಾಗ ಗದ್ದವನ್ನು ನನ್ನ ಚಪ್ಪಲಿಯ ಮೇಲೋ ಮಂಚದ ಅಡ್ಡಪಟ್ಟಿಯ ಮೇಲೋ ಏರಿಸಿ ಇಟ್ಟುಕೊಳ್ಳುತ್ತಾನೆ. ಮನೆಗೆ ಬಂದವರೆಲ್ಲ ಅದನ್ನು ಕಂಡು ಫೋಟೊ ತೆಗೆದುಕೊಂಡು ಹೋಗುತ್ತಾರೆ, ಗೊರಕೆ ಕೇಳಿ ನಗುತ್ತಾರೆ. ಈಚೆಗೆ ವೈದ್ಯರು ಅವನ ಎದೆಗೆ ಕಿವಿಗೊಟ್ಟು ಕೇಳಿದ ಮೇಲೆ ವಿವರಿಸಿದರು: ಗಂಟಲು ಮುಚ್ಚಿಹೋಗದಿರಲೆಂದು ಅವನು ತಲೆಯನ್ನು ಹಾಗೆ ಎತ್ತರದಲ್ಲಿಡುತ್ತಾನಂತೆ, ಆ ಸದ್ದು ಸುಖನಿದ್ದೆಯದಲ್ಲವಂತೆ. ನಮ್ಮ ಅಪ್ಪನ ಕೊನೆಯ ವರ್ಷಗಳು ನಿನಗೆ ನೆನಪಿವೆ. ದಮ್ಮು ಹೆಚ್ಚಾದ ರಾತ್ರಿಗಳಲ್ಲಿ ಲೋಡಿಗೆ ಒರಗಿ ಕುಳಿತೇ ನಿದ್ದೆ ಮಾಡುತ್ತಿದ್ದ, ಆ ಉಸಿರಿನ ಸದ್ದು ಪಡಸಾಲೆಯಿಂದ ಅಡುಗೆಮನೆಯವರೆಗೆ ಕೇಳುತ್ತಿತ್ತು. ಅವನು ಹೋದ ಮೇಲೆ ನನಗೆ ಈ ಮನೆಯಲ್ಲಿ ನಿದ್ದೆ ಹತ್ತಲಿಲ್ಲ. ಯಾರಿಗೂ ಹೇಳಿರಲಿಲ್ಲ, ನಿನಗೂ ಹೇಳಿರಲಿಲ್ಲ. ಗುಂಡ್ಯಾ ಬಂದು ಮಂಚದ ಪಕ್ಕದಲ್ಲಿ ಗೊರಕೆ ಹೊಡೆಯತೊಡಗಿದ ಮೇಲೆ ಬೆಳಗಿನವರೆಗೆ ಮಲಗುವಂತಾದೆ. ನನಗೆ ನಿದ್ದೆ ಕೊಟ್ಟದ್ದು ಅವನು ಉಸಿರಿಗಾಗಿ ಪಡುತ್ತಿದ್ದ ಕಷ್ಟ ಎಂದು ತಿಳಿದ ದಿನದಿಂದ ನನಗೆ ಒಂದು ತಳಮಳ ಹಿಡಿದಿದೆ. ಮೂಗಿನ ಹೊಳ್ಳೆಯನ್ನು ಅಗಲ ಮಾಡಿ ಅಂಗುಳನ್ನು ಕತ್ತರಿಸುವ ಶಸ್ತ್ರಚಿಕಿತ್ಸೆಯಿದೆ, ಮಾಡಿಸಲು ಒಪ್ಪಿದ್ದೇನೆ. ಅದಾದ ಮೇಲೆ ಮನೆಯಲ್ಲಿ ಆ ಸದ್ದು ಕಡಿಮೆಯಾಗುತ್ತದೆಂದು ನೆನೆದಾಗ ನನಗೆ ಭಯವಾಗುತ್ತದೆ. ಈ ಭಯಕ್ಕಾಗಿ ದಿನಾಂಕವನ್ನು ಮುಂದೂಡಬಾರದೆಂದು ನಿನ್ನೆದುರು, ಎಲ್ಲರೆದುರು ಬರೆದಿಡುತ್ತಿದ್ದೇನೆ.

ಸಾಕು, ಮಾತು ಎಲ್ಲಿಗೋ ಹೋಯಿತು. ತಂಗಿಗೆ ಇಷ್ಟು ಹೇಳು: ಮರಿಯನ್ನು ತರುವುದೇ ಆದರೆ ಅದರ ತಾಯಿ ತಂದೆಯನ್ನು ನೋಡಿಯೇ ತರಲಿ, ಅವನ್ನು ಒಂದಷ್ಟು ದೂರ ನಡೆಸಿ ಉಸಿರನ್ನು ಕೇಳಲಿ, ಹೊಳ್ಳೆಗಳು ತೆರೆದಿರುವ, ಮೂತಿ ಸ್ವಲ್ಪವಾದರೂ ಮುಂದಿರುವ ಮರಿಯನ್ನೇ ಆರಿಸಲಿ. ಮಗುವಿಗೆ ಚಿಕ್ಕ ನಾಯಿಯೊಂದು ಬೇಕೆಂಬುದಷ್ಟೇ ಆದರೆ ನಮ್ಮ ಹವೆಗೆ ಹೊಂದಿಕೊಂಡ ಇಂಡಿಯನ್ ಸ್ಪಿಟ್ಜ್ ಇದೆ. ನನ್ನ ಮನಸ್ಸಿಗೆ ಅದೇ ಒಳ್ಳೆಯದೆನಿಸುತ್ತದೆ. ಮುಧೋಳದ ನಾಯಿ 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ಕಥೆಯನ್ನು ನೀನು ಮತ್ತೆ ಹೇಳುವುದಾದರೆ ಇಲ್ಲಿಗೇ ಬಂದು ಹೇಳು. ಮಿರ್ಗದ ಮಳೆ ಬಿದ್ದು ನೆಲ ತಂಪಾದ ಮೇಲೆ ನಿನ್ನ ನಾಯಿಯನ್ನೂ ಕರೆದುಕೊಂಡು ಬಾ. ಅಮೀನಗಡದ ಕರದಂಟು ತರಲೇಬೇಕು, ಆದರೆ ಈ ಸಲ ಡಬ್ಬಿಯನ್ನು ಕಪಾಟಿನ ಮೇಲಿಡುವವನು ನೀನಲ್ಲ, ನಾನು. ಯಾಕೆಂದು ನಿನಗೆ ಗೊತ್ತು.

ನಿನ್ನ,
ವಿಜಯಪುರದ ದೋಸ್ತ