ಹಳೇ ಕಾರಿನ ಗ್ಲಾಸಿಗೆ ಸಿಲಿಕೋನ್ ಬಳಿಯಬೇಡಿ

ಮಾನ್ಯ ಸಂಪಾದಕರೇ,

ಹಳೇ ಕಾರುಗಳ ರ‍್ಯಾಲಿ ನಡೆದಾಗಲೆಲ್ಲ ನಿಮ್ಮ ಪತ್ರಿಕೆಯಲ್ಲಿ ಮಿರಮಿರ ಮಿಂಚುವ ಫೋಟೊಗಳು ಬರುತ್ತವೆ. ನೋಡೋಕೆ ಖುಷಿ. 50 ವರ್ಷ ದಾಟಿದ ಗಾಡಿಗೆ ‘ವಿಎ’ ಅಕ್ಷರಗಳಿರುವ ವಿಂಟೇಜ್ ನಂಬರ್ ಕೊಡುವ ನಿಯಮವೂ 2021ರಲ್ಲಿ ಬಂತು. ಆದರೆ ಮಳೆಗಾಲದಲ್ಲಿ ಅವುಗಳ ಪಾಡೇನು ಅಂತ ಯಾರೂ ಬರೆಯುವುದಿಲ್ಲ.

ನಮ್ಮಲ್ಲಿ ಅಪ್ಪನ ಕಾಲದ 1968ರ ಫಿಯಟ್ 1100 ಡಿಲೈಟ್ ಇದೆ. ಊರು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ, ಮಳೆ ಹೇಗಿರುತ್ತೆ ಅಂತ ಹೇಳಬೇಕಿಲ್ಲ ಅಲ್ವಾ. ಮುಂದಿನ ಗ್ಲಾಸಿನ ಮೂಲೆಯಿಂದ ನೀರು ಇಳಿದು ಮ್ಯಾಟ್ ಕೆಳಗೆ ನಿಲ್ಲತೊಡಗಿತು. ಒಂದು ಗ್ಯಾರೇಜಿನಲ್ಲಿ ಬೀಡಿಂಗ್ (ಗ್ಲಾಸಿನ ಅಂಚಿನ ರಬ್ಬರ್ ಪಟ್ಟಿ) ಸುತ್ತ ಇಡೀ ಟ್ಯೂಬ್ ಸಿಲಿಕೋನ್ ಅಂಟು ಬಳಿದು ‘ಇನ್ನು ಹತ್ತು ವರ್ಷ ಚಿಂತೆ ಬಿಡಿ’ ಅಂದರು. ಮುಂದಿನ ಮಳೆಗೇ ಸೋರಿತು! ಈ ಬೇಸಿಗೆಯಲ್ಲಿ ಗ್ಲಾಸ್ ಬಿಚ್ಚಿದರೆ ಕೆಳಗಿನ ತಗಡಿನ ಅಂಚು ಹಪ್ಪಳದ ಹಾಗೆ ಪುಡಿಪುಡಿ. ವಿನಿಗರ್ ವಾಸನೆಯ ಸಿಲಿಕೋನ್ ಇದೆಯಲ್ಲ, ಅದು ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಬಣ್ಣವಿಲ್ಲದ ತಗಡಿಗೆ ತಾಗಿದರೆ ತುಕ್ಕು ಇನ್ನೂ ಜಾಸ್ತಿ. ಮೇಲೆ ಮುಚ್ಚಿಬಿಟ್ಟಿದ್ದರಿಂದ ಒಳಗೆ ಸೇರಿದ ನೀರಿಗೂ ಹೊರಗೆ ಹೋಗಲು ದಾರಿ ಇರಲಿಲ್ಲ. ತಪ್ಪು ಅವರದ್ದೊಂದೇ ಅಲ್ಲ ಬಿಡಿ, ಸುಮ್ನೆ ಬಿಚ್ಚಿ ಗ್ಲಾಸ್ ಒಡೆದರೆ ಏನು ಗತಿ ಅಂತ ನಾನೂ ಹೆದರಿದ್ದೆ.

ಈಗಿನ ಕಾರುಗಳ ಗ್ಲಾಸನ್ನು ಪಾಲಿಯುರೆಥೇನ್ ಅಂಟು ಹಾಕಿ ಕಾರಿನ ಬಾಡಿಯ ಮೇಲೆ ಕೂರಿಸುತ್ತಾರೆ. ನಮ್ಮ ಫಿಯಟ್‌ನಂಥದ್ದರಲ್ಲಿ ಗ್ಲಾಸನ್ನು ಹಿಡಿದಿರುವುದು ರಬ್ಬರ್ ಬೀಡಿಂಗ್ ಮಾತ್ರ. ಅದರ ಒಂದು ಸೀಳಿನಲ್ಲಿ ಗ್ಲಾಸು, ಇನ್ನೊಂದರಲ್ಲಿ ತಗಡಿನ ಅಂಚು. ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟ ಮೇಲೆ ಯಾವ ಟ್ಯೂಬೂ ಅದನ್ನು ಉಳಿಸುವುದಿಲ್ಲ.

ಕೊನೆಗೆ ಟಿಂಕರಿಂಗ್ (ತಗಡಿನ ಕೆಲಸ) ಮಾಡುವ ಒಬ್ಬ ಹಿರಿಯರು ಸರಿ ಮಾಡಿಕೊಟ್ಟರು. ಕೊಳೆತ ಅಂಚು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿ, ಪ್ರೈಮರ್, ಪೇಂಟ್ ಹೊಡೆದು ಒಂದು ವಾರ ಒಣಗಲು ಬಿಟ್ಟರು. ಬೀಡಿಂಗ್ ಅನ್ನು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಂದಿದ್ದೆ. ಮೆತ್ತಗಾಗಲಿ ಅಂತ ಅದನ್ನು ಸ್ವಲ್ಪ ಹೊತ್ತು ಬಿಸಿಲಿಗೆ ಇಟ್ಟು, ಗ್ಲಾಸಿನ ಸುತ್ತ ಹಾಕಿ, ತಗಡಿನ ಅಂಚು ಕೂರುವ ಹೊರಗಿನ ಸೀಳಿನಲ್ಲಿ ನೈಲಾನ್ ಹಗ್ಗ ಸುತ್ತಿ ಎರಡು ತುದಿಗಳನ್ನೂ ಕೆಳಗೆ ನಡುವಿನಲ್ಲಿ, ಕಾರಿನ ಒಳಕ್ಕೆ ಬರುವ ಹಾಗೆ ಬಿಟ್ಟರು. ಸೋಪಿನ ನೀರು ಸವರಿದರು. ನಾನು ಹೊರಗಿನಿಂದ ಗ್ಲಾಸನ್ನು ಚೌಕಟ್ಟಿಗೆ ಅಂಗೈಯಲ್ಲಿ ಒತ್ತಬೇಕು, ಅವರು ಒಳಗೆ ಕೂತು ಹಗ್ಗ ಎಳೆಯುತ್ತಾ ಹೋಗಬೇಕು. ಹಗ್ಗ ಬಂದ ಹಾಗೆ ರಬ್ಬರಿನ ತುಟಿ ಅಂಚನ್ನು ದಾಟಿ ಒಳಗೆ ಮಡಚಿಕೊಳ್ಳುತ್ತದೆ, ನೋಡಿದರೇ ನಂಬಿಕೆ ಬರೋದು. ಗುದ್ದುವಂತಿಲ್ಲ, ಸುತ್ತಿಗೆಯಂತೂ ಬೇಡವೇ ಬೇಡ. ಆಮೇಲೆ ರಬ್ಬರಿನ ತುಟಿ ಎತ್ತಿ, ಒಣಗಿ ಗಟ್ಟಿಯಾಗದ ಕಪ್ಪು ಸೀಲಂಟನ್ನು (ಸಂದು ಮುಚ್ಚುವ ಮೆತ್ತನೆ ಅಂಟು) ಗ್ಲಾಸಿನ ಕಡೆಗೂ ಬಾಡಿಯ ಕಡೆಗೂ ತುಂಬಿದರು. ಗಾಡಿ ಅಲುಗಿದರೂ ಅದು ಬಿಡುವುದಿಲ್ಲ, ಮುಂದೆ ಬಿಚ್ಚಬೇಕಾದರೂ ಕಷ್ಟವಿಲ್ಲ.

ಪರೀಕ್ಷೆಗೆ ಪೈಪಿನಲ್ಲಿ ನಿಧಾನವಾಗಿ, ಕೆಳಗಿನಿಂದ ಶುರುಮಾಡಿ ಮೇಲಕ್ಕೆ ನೀರು ಬಿಟ್ಟೆವು. ಮೇಲಿನಿಂದ ಸುರಿದರೆ ಎಲ್ಲಿ ಸೋರುತ್ತಿದೆ ಅಂತ ಗೊತ್ತಾಗೋದೇ ಇಲ್ಲ. ಮಗಳು ಟಾರ್ಚ್ ಹಿಡಿದು ಒಳಗೆ ಕೂತಿದ್ದಳು. ಬಲಗಡೆ ಮೂಲೆಯಲ್ಲಿ ಒಂದೇ ಒಂದು ಹನಿ ಕಂಡಿತು. ಅಲ್ಲಿ ಸೀಲಂಟ್ ಇನ್ನೊಂಚೂರು ತುಂಬಿದ್ದಾಯಿತು, ಈ ಮಳೆಗೆ ಮ್ಯಾಟ್ ಒದ್ದೆಯಾಗಿಲ್ಲ.

ಒಬ್ಬ ಓದುಗ,
ಸಾಗರ