ಇಪ್ಪತ್ತಾರು ಸಲ ಒಂದೇ ಮಾತು

ಪ್ರೀತಿಯ ಸೀನ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತುಕೊಂಡು ಉತ್ತರ ಹೇಳಲಿಕ್ಕಾಗಲಿಲ್ಲ. ಈಗ ಕೂತು ಬರೆಯುತ್ತಿದ್ದೇನೆ. ನಮ್ಮ ಲೆಕ್ಕದ ಮಾಸ್ಟ್ರ ಮಣ್ಣಿಗೆ ನಾನು ಬರಲಾಗಲಿಲ್ಲ, ಆ ಬೇಸರ ಇನ್ನೂ ಹೋಗಿಲ್ಲ. ನೀನಾದರೂ ಚರ್ಚಿಗೆ ಹೋಗಿ ಕೊನೆವರೆಗೆ ನಿಂತೆಯಲ್ಲ, ಒಳ್ಳೆಯದಾಯಿತು. ಅಲ್ಲಿ ಓದಿದ ಬೈಬಲಿನ ಕೀರ್ತನೆಗಳನ್ನು ಕೇಳಿ ನಿನಗೆ ಹೊಳೆದ ಪ್ರಶ್ನೆ ಮಾತ್ರ ಭಜನೆ ಮಂಡಳಿಯವನಿಗೇ ಹೊಳೆಯಬಹುದಾದದ್ದು: "ಎಲ್ಲಾ ಮಾತನ್ನೂ ಎರಡೆರಡು ಸಲ ಹೇಳ್ತಾರಲ್ಲ ಮಾರಾಯ, ಒಂದು ಸಲ ಹೇಳಿದರೆ ದೇವರಿಗೆ ಕೇಳುವುದಿಲ್ಲವಾ?"

ಮೂರು ವರ್ಷದಿಂದ ಭಾನುವಾರ ಬೆಳಿಗ್ಗೆ ಈ ಕೀರ್ತನೆಗಳ ಮೂಲ ಭಾಷೆ ಹೀಬ್ರೂ ಕಲಿಯುತ್ತಿದ್ದೇನೆಂದು ನಿನಗೆ ಗೊತ್ತು. ಪಂಡಿತನಾಗಿಲ್ಲ. ಈಗಲೂ ಬಲದಿಂದ ಎಡಕ್ಕೆ ಓದುವಾಗ ಬೆರಳಿಟ್ಟುಕೊಂಡೇ ಓದುವುದು. ಆದರೂ ಆ ದಿನ ನೀನು ಕೇಳಿದ ಮೊದಲ ಸಾಲನ್ನು ಒಮ್ಮೆ ನೋಡು. ಹಳೆಯ ಕನ್ನಡ ಬೈಬಲಿನಲ್ಲಿ 23ನೇ ಕೀರ್ತನೆ ಶುರುವಾಗುವುದು ಹೀಗೆ: "ಯೆಹೋವನು ನನಗೆ ಕುರುಬನು, ಕೊರತೆಪಡೆನು." ನಾಲ್ಕೇ ಪದ. ಹೀಬ್ರೂವಿನಲ್ಲಿಯೂ ನಾಲ್ಕೇ: "ಅದೋನಾಯ್ ರೋಈ, ಲೋ ಎಹ್ಸಾರ್." ಬರೆದಿರುವುದು ದೇವರ ಹೆಸರಿನ ನಾಲ್ಕು ಅಕ್ಷರ, ಯೆಹೂದ್ಯರು ಅದನ್ನು ಬಾಯಲ್ಲಿ ಆಡುವುದಿಲ್ಲ, ಅದರ ಬದಲು 'ಒಡೆಯ' ಎಂಬರ್ಥದ ಅದೋನಾಯ್ ಎನ್ನುತ್ತಾರೆ. ಇಂಗ್ಲಿಷಿನವರಿಗೆ ಇದೇ ಮಾತಿಗೆ ಒಂಬತ್ತು ಪದ ಬೇಕಾಯಿತು. ನಮಗೆ ಅಷ್ಟು ಪದ ಬೇಡವಾದದ್ದು ಹಳಗನ್ನಡದ ದಯೆಯಿಂದ. 'ಪಡೆನು' ಎಂದರೆ ಮುಗಿಯಿತು. 'ನಾನು' ಅದರೊಳಗೇ ಇದೆ, 'ಇಲ್ಲ' ಕೂಡ ಅದರೊಳಗೇ ಇದೆ. ಈ ಸಾಲನ್ನು ಕನ್ನಡಕ್ಕೆ ತಂದವರ ಕಿವಿ ಚೆನ್ನಾಗಿತ್ತು.

ಇನ್ನು ಎರಡೆರಡು ಸಲ ಹೇಳುವ ವಿಚಾರ. ಈ ಹಾಡುಗಳಲ್ಲಿ ಪ್ರಾಸ ಹುಡುಕಬೇಡ, ಷಟ್ಪದಿಯ ಹಾಗೆ ಮಾತ್ರೆ ಎಣಿಸಿದರೂ ಲೆಕ್ಕ ಸಿಗುವುದಿಲ್ಲ. ಇಲ್ಲಿ ಜೋಡಿಯಾಗುವುದು ಸದ್ದಲ್ಲ, ಅರ್ಥ. ಆಕ್ಸ್‌ಫರ್ಡಿನಲ್ಲಿ ಪಾಠ ಹೇಳುತ್ತಿದ್ದ ರಾಬರ್ಟ್ ಲೌತ್ ಎಂಬಾತ 1753ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಪ್ರಕಟಿಸಿದ ಉಪನ್ಯಾಸಗಳಲ್ಲಿ ಇದನ್ನು ಬಿಡಿಸಿ ತೋರಿಸಿದ. 114ನೇ ಕೀರ್ತನೆಯಿಂದ ಎರಡು ಜೋಡಿಗಳನ್ನು ನನಗೆ ಬಂದ ಹಾಗೆ ಕನ್ನಡ ಮಾಡಿದ್ದೇನೆ:

ಕಡಲು ಕಂಡು ಓಡಿತು,
ಯೊರ್ದನ್ ಹೊಳೆ ಹಿಂದಕ್ಕೆ ತಿರುಗಿತು.
ಬೆಟ್ಟಗಳು ಟಗರಿನ ಹಾಗೆ ಕುಣಿದವು,
ಗುಡ್ಡಗಳು ಕುರಿಮರಿಗಳ ಹಾಗೆ.

ಕೊನೆಯ ಸಾಲಿನಲ್ಲಿ ಕ್ರಿಯಾಪದವೇ ಇಲ್ಲ, ನೋಡಿದೆಯಾ? ಮೂಲದಲ್ಲಿಯೂ ಇಲ್ಲ. ಮೊದಲ ಸಾಲಿನ 'ಕುಣಿದವು' ಎರಡನೆಯದಕ್ಕೂ ಸಾಕು. ಹಾಗೆ ಉಳಿದ ಜಾಗದಲ್ಲಿ ಟಗರು ಮರಿಯಾಯಿತು, ಬೆಟ್ಟ ಗುಡ್ಡವಾಯಿತು. ಒಂದೇ ಮಾತನ್ನು ಎರಡು ಸಲ ಹೇಳಿದ್ದಲ್ಲ ಇದು. ಮೊದಲ ಹೆಜ್ಜೆ ಇಟ್ಟಲ್ಲಿಂದ ಎರಡನೆಯದು ಮುಂದಕ್ಕೆ. ಅರ್ಥವೇ ಪ್ರಾಸವಾದ್ದರಿಂದ ಯಾವ ಭಾಷೆಗೆ ಹೋದರೂ ಅರ್ಧಕ್ಕರ್ಧ ಉಳಿದುಕೊಳ್ಳುತ್ತದೆ. ನಮ್ಮ ಆದಿಪ್ರಾಸವನ್ನು ಯಾರಾದರೂ ಹೀಬ್ರೂವಿಗೆ ಒಯ್ಯಲಿ ನೋಡುವ!

ಆದರೆ ನಿನಗೆ ಹೇಳಬೇಕೆಂದು ನಾನು ಕೂತದ್ದು ಇದಕ್ಕಲ್ಲ. ಪುಸ್ತಕದಲ್ಲಿ ಇರುವುದು ಹಾಡಿನ ಅರ್ಧ ಮಾತ್ರ ಎಂದು ನನಗೆ ಅನ್ನಿಸಿಹೋಗಿದೆ. ಹೇಗೆಂದು ಹೇಳುತ್ತೇನೆ.

136ನೇ ಕೀರ್ತನೆಯಲ್ಲಿ 26 ಸಾಲು. ಪ್ರತಿ ಸಾಲಿನ ಕೊನೆಗೂ "ಕೀ ಲೆಓಲಾಮ್ ಹಸ್ದೋ" ಎಂದು ಬರುತ್ತದೆ. 'ಅವನ ಕರುಣೆಗೆ ಕೊನೆಯಿಲ್ಲ' ಎನ್ನಬಹುದು. 'ಹೆಸೆದ್' ಎಂಬ ಪದಕ್ಕೆ ಕರುಣೆ ಸಾಲದು, ಕೊಟ್ಟ ಮಾತಿಗೆ ಕಟ್ಟುಬಿದ್ದ ಪ್ರೀತಿ ಅದು, ಆದರೆ ಅಷ್ಟುದ್ದ ಹಾಡಲಿಕ್ಕೆ ಬರುವುದಿಲ್ಲ. ಮೊದಲು ಇದನ್ನು ಒಬ್ಬನೇ ಮನಸ್ಸಿನಲ್ಲಿ ಓದಿದಾಗ ಹತ್ತನೇ ಸಾಲಿಗೆ ಆಕಳಿಕೆ ಬಂತು, ಸುಳ್ಳು ಹೇಳುವುದಿಲ್ಲ. ಒಂದು ರಾತ್ರಿ ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಾ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ಮಗಳು ಅಲ್ಲೇ ಕೂತು ಬಟಾಣಿ ಬಿಡಿಸುತ್ತಿದ್ದಳು. ಐದನೇ ಸಾಲಿಗೆ ಅವಳೇ "ಕೀ ಲೆಓಲಾಮ್ ಹಸ್ದೋ" ಎಂದಳು. ಏಳನೆಯದಕ್ಕೆ ಸ್ಟೀಲ್ ತಟ್ಟೆಗೆ ಪೆಟ್ಟು ಬಿತ್ತು. ಆಗ ನನಗೆ ವ್ಯಾಕರಣ ಕಂಡಿತು ಮಾರಾಯ! 7ರಿಂದ 9ರವರೆಗಿನ ಸಾಲುಗಳು ನಿಜವಾಗಿ ಒಂದೇ ವಾಕ್ಯ: 'ದೊಡ್ಡ ಬೆಳಕುಗಳನ್ನು ಮಾಡಿದವನು, ಹಗಲನ್ನಾಳಲು ಸೂರ್ಯನನ್ನು, ಇರುಳನ್ನಾಳಲು ಚಂದ್ರನನ್ನು, ನಕ್ಷತ್ರಗಳನ್ನು.' ಸೂರ್ಯನನ್ನು ಎಂಬಲ್ಲಿ ದ್ವಿತೀಯಾ ವಿಭಕ್ತಿ ಅಂತರದಲ್ಲಿ ನೇತಾಡುತ್ತಿದೆ, ಅಷ್ಟರಲ್ಲಿ ನಡುವೆ ಜನ ನುಗ್ಗಿ ತಮ್ಮ ಮಾತು ಹೇಳಿಬಿಡುತ್ತಾರೆ. ಮುಂದಾಳು ವಾಕ್ಯ ಮುಗಿಸುವವರೆಗೆ ಕಾಯುವ ತಾಳ್ಮೆ ಅವರಿಗಿಲ್ಲ. ಇದು ಬರೆದ ಕವಿತೆಯಲ್ಲ, ಮುಮ್ಮೇಳ ಹಿಮ್ಮೇಳ ಎರಡೂ ಇದ್ದ ಹಾಡು.

(ಅದೇ ಹಾಡಿನಲ್ಲಿ ಅಮೋರಿಯರ ಅರಸು ಸೀಹೋನನನ್ನೂ ಬಾಷಾನಿನ ಓಗನನ್ನೂ ಕೊಂದದ್ದಕ್ಕೂ 'ಅವನ ಕರುಣೆಗೆ ಕೊನೆಯಿಲ್ಲ' ಎನ್ನುತ್ತಾರೆ. ಓಗನ ಹೆಂಡತಿ ಮಕ್ಕಳನ್ನು ಕೇಳಬೇಕಿತ್ತು. ನನಗೆ ಅಲ್ಲಿ ಗಂಟಲು ಕಟ್ಟುತ್ತದೆ, ಮಗಳು ಅಲ್ಲಿಯೇ ಜೋರಾಗಿ ತಟ್ಟೆ ಬಾರಿಸಿದ್ದು.)

136ರಲ್ಲಿ ಪಲ್ಲವಿಯನ್ನು ಬರೆದಿಟ್ಟರು. ಉಳಿದವುಗಳಲ್ಲಿ? ಮೃತ ಸಮುದ್ರದ ಹತ್ತಿರದ ಕುಮ್ರಾನ್‌ನ 11ನೇ ಗವಿಯಲ್ಲಿ 1956ರಲ್ಲಿ ಕೀರ್ತನೆಗಳ ಒಂದು ಚರ್ಮದ ಸುರುಳಿ ಸಿಕ್ಕಿತು. ಕ್ರಿ.ಶ. ಮೊದಲ ಶತಮಾನದ್ದು. ಅದರಲ್ಲಿ 145ನೇ ಕೀರ್ತನೆ ಇದೆ. ಯೆಹೂದ್ಯರು ದಿನಕ್ಕೆ ಮೂರು ಸಲ ಹೇಳುವ ಹಾಡು, ನಮ್ಮ ಬೈಬಲಿನಲ್ಲಿ ಅದಕ್ಕೆ ಪಲ್ಲವಿ ಇಲ್ಲ. ಸುರುಳಿಯಲ್ಲಿ ಮಾತ್ರ ಪ್ರತಿ ಸಾಲಾದ ಮೇಲೂ 'ಯೆಹೋವನಿಗೆ ಸ್ತುತಿ, ಅವನ ಹೆಸರಿಗೆ ಎಂದೆಂದಿಗೂ ಸ್ತುತಿ' ಎಂದು ಬಿಡದೆ ಬರೆದಿದೆ. ಜನರ ಬಾಯಿ ಎಲ್ಲಿ ತೆರೆಯಬೇಕೆಂದು ಆ ಬರೆದವನು ಗುರುತು ಮಾಡಿಟ್ಟಿದ್ದಾನೆ.

ಅದೇ ಹಾಡಿನ ಇನ್ನೊಂದು ಕತೆ ನಿನಗೆ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಅದು ಅಕ್ಷರಮಾಲೆಯ ಹಾಡು. ಹೀಬ್ರೂವಿನ 22 ಅಕ್ಷರಗಳಿಂದ ಒಂದೊಂದು ಸಾಲು ಶುರುವಾಗಬೇಕು. ಆದರೆ 'ನೂನ್', ಎಂದರೆ ನಕಾರದ ಸಾಲು ಇಲ್ಲ! 21 ಸಾಲಿಗೇ ಮುಗಿಯುತ್ತದೆ. ಯೆಹೂದ್ಯರ ಹಳೆಯ ಧರ್ಮಗ್ರಂಥ ತಾಲ್ಮುದಿನಲ್ಲಿ ರಬ್ಬಿ, ಎಂದರೆ ಗುರು, ಯೊಹಾನಾನ್ ಇದಕ್ಕೆ ಕಾರಣ ಕೊಡುತ್ತಾನೆ: 'ಬಿದ್ದಳು ಇಸ್ರಾಯೇಲಿನ ಕನ್ಯೆ, ಇನ್ನು ಏಳಳು' ಎಂಬ ಆಮೋಸ ಪ್ರವಾದಿಯ ಭಯಂಕರ ಮಾತು 'ನಾಫ್ಲಾ', ಬಿದ್ದಳು, ಎಂಬ ನಕಾರದಿಂದಲೇ ಶುರುವಾಗುತ್ತದಂತೆ, ಅದಕ್ಕೆ ಆ ಅಕ್ಷರವನ್ನು ಬಿಟ್ಟರಂತೆ. ಮುಂದಿನ ಸಕಾರದ ಸಾಲು ಏನು ಗೊತ್ತೇ? 'ಬೀಳುವವರನ್ನೆಲ್ಲ ಯೆಹೋವನು ಎತ್ತಿಹಿಡಿಯುತ್ತಾನೆ.' ಕುಮ್ರಾನಿನ ಸುರುಳಿಯಲ್ಲಿ ನಕಾರದ ಸಾಲು ಇದೆ, ಹಳೆಯ ಗ್ರೀಕ್ ಅನುವಾದದಲ್ಲಿಯೂ ಇದೆ. ಕಳೆದುಹೋದದ್ದು ಸಿಕ್ಕಿತೋ, ಇಲ್ಲ ಯಾರೋ ಬಾಯಿ ಹಾಕಿ ತುಂಬಿಸಿದರೋ ಎಂದು ವಿದ್ವಾಂಸರು ಜಗಳಾಡುತ್ತಲೇ ಇದ್ದಾರೆ. ಯೆಹೂದ್ಯರ ಪ್ರಾರ್ಥನಾಮಂದಿರವಾದ ಸಿನಗಾಗಿನಲ್ಲಿ ಇವತ್ತಿಗೂ ನಕಾರ ಬಿಟ್ಟೇ ಹೇಳುತ್ತಾರೆ. ನನ್ನ ಓಟು ಯೊಹಾನಾನನಿಗೆ. ಸಾಕ್ಷಿ ಅವನ ಕಡೆ ಇಲ್ಲದಿದ್ದರೂ ಸರಿ.

ಇನ್ನು ರಾಗದ ವಿಚಾರ. ನಿಮ್ಮ ಮಂಡಳಿಯ ಹಾಡಿನ ಪುಸ್ತಕದಲ್ಲಿ ಪದದ ಮೇಲೆ 'ಇಂಥದ್ದರ ಧಾಟಿ' ಎಂದು ಅಚ್ಚು ಹಾಕಿರುತ್ತಾರಲ್ಲ, ಇಲ್ಲಿಯೂ ಹಾಗೆಯೇ. 22ನೇ ಕೀರ್ತನೆಯ ತಲೆಯ ಮೇಲೆ 'ಮುಂಜಾವಿನ ಹೆಣ್ಣುಜಿಂಕೆ' ಎಂದಿದೆ. 57ರಿಂದ 59ರವರೆಗೆ 'ಹಾಳುಮಾಡಬೇಡ' ಎಂದಿದೆ. ಆ ಕಾಲದಲ್ಲಿ ಎಲ್ಲರ ಬಾಯಲ್ಲಿದ್ದ ಹಾಡುಗಳ ಹೆಸರುಗಳಿರಬೇಕು ಎಂಬುದು ಹೆಚ್ಚಿನವರ ಅಭಿಪ್ರಾಯ. ಹೆಸರು ಉಳಿಯಿತು, ಧಾಟಿ ಹೋಯಿತು. ನಡುನಡುವೆ 'ಸೆಲಾ' ಎಂಬ ಪದ 71 ಸಲ ಬರುತ್ತದೆ. ನಿಲ್ಲಿಸು ಎಂದೋ, ವಾದ್ಯ ಏರಿಸು ಎಂದೋ, ಅಂತೂ ಹಾಡುವವರಿಗೆ ಕೊಟ್ಟ ಸೂಚನೆ ಇರಬಹುದು.

ಯೆರೂಸಲೇಮಿನ ದೇವಾಲಯದಲ್ಲಿ ಹಾಡುತ್ತಿದ್ದವರು ಲೇವಿ ಕುಲದವರು. ಅವರ ಬಗ್ಗೆ ಮಿಷ್ನಾ ಎಂಬ ಯೆಹೂದ್ಯರ ಹಳೆಯ ಗ್ರಂಥದಲ್ಲಿ ಚಿಕ್ಕ ಚಿಕ್ಕ ವಿವರಗಳಿವೆ, ನನಗೆ ಓದಿದಷ್ಟೂ ಸಾಲದು. ಹಾಡುವ ವೇದಿಕೆಯ ಮೇಲೆ 12 ಜನಕ್ಕಿಂತ ಕಡಿಮೆ ಇರಬಾರದು. 'ಕಿನ್ನೋರ್' ಎಂಬ ತಂತಿವಾದ್ಯ ಒಂಬತ್ತಕ್ಕೆ ಕಡಿಮೆ ಇರಬಾರದು. ನಿನಗೆ ಖುಷಿಯಾಗುವ ಸಂಗತಿ: ತಾಳ ಮಾತ್ರ ಒಂದೇ. ತಾಳ ನಾಲ್ಕು ಬೇಕೆನ್ನುವ ನಿಮ್ಮ ಮಂಡಳಿಯವರಿಗೆ ಇದನ್ನು ತೋರಿಸು. ಲೇವಿಯರ ಮಕ್ಕಳಿಗೆ ವಾದ್ಯ ಮುಟ್ಟಲಿಕ್ಕಿಲ್ಲ, ಹಾಡಬಹುದು. ವೇದಿಕೆ ಏರುವಂತಿಲ್ಲ, ಕೆಳಗೆ ನೆಲದ ಮೇಲೆ ನಿಲ್ಲಬೇಕು, ದೊಡ್ಡವರ ಕಾಲುಗಳ ನಡುವೆ ಇವರ ತಲೆ. ಹಾಡಿಗೆ ಒಗ್ಗರಣೆ ಬೀಳಲಿ ಎಂದು ಮಕ್ಕಳನ್ನು ಸೇರಿಸಿಕೊಳ್ಳುತ್ತಿದ್ದರಂತೆ. ಆ ಮಕ್ಕಳಿಗೆ ಹೆಸರು 'ಲೇವಿಯರನ್ನು ಗೋಳುಹೊಯ್ಕೊಳ್ಳುವವರು'. ದೊಡ್ಡವರ ಗಂಟಲಿಗೆ ಆ ಎಳೆಯ ದನಿ ಬರುವುದಿಲ್ಲವಲ್ಲ, ಅದಕ್ಕೆ!

ಹುಗ್ರಸ್ ಎಂಬ ಒಬ್ಬ ಲೇವಿಯಿದ್ದ. ಹಾಡಿನಲ್ಲಿ ಒಂದು ವಿದ್ಯೆ ಅವನೊಬ್ಬನಿಗೇ ಗೊತ್ತಿತ್ತು. ಹೆಬ್ಬೆರಳನ್ನು ಬಾಯೊಳಗಿಟ್ಟು, ಇನ್ನೊಂದು ಬೆರಳನ್ನು ಮೀಸೆಯ ನಡುವೆ ಒತ್ತಿ ದನಿ ತೆಗೆದನೆಂದರೆ ಪಕ್ಕದಲ್ಲಿದ್ದ ಯಾಜಕರು ಬೆಚ್ಚಿ ಒಮ್ಮೆಗೇ ಹಿಂದಕ್ಕೆ ಸರಿಯುತ್ತಿದ್ದರಂತೆ. ಯಾರಿಗೂ ಕಲಿಸಲಿಲ್ಲ. ವಿದ್ಯೆ ಮುಚ್ಚಿಟ್ಟವರ ಪಟ್ಟಿಯಲ್ಲಿ ಹೆಸರು ಬರೆಸಿಕೊಂಡು ಹೋದ. ನಮ್ಮ ಕಡೆಯೂ ಅಂಥವರನ್ನು ನೋಡಿಲ್ಲವೇ ನಾವು? ಕ್ರಿ.ಶ. 70ರಲ್ಲಿ ರೋಮನರು ದೇವಾಲಯವನ್ನು ಸುಟ್ಟರು. ಅಲ್ಲಿಗೆ ವೇದಿಕೆಯೂ ಹೋಯಿತು, ಕಲಿತವರೂ ಕಲಿಯದವರೂ ಚದುರಿಹೋದರು.

ಹಾಡು ಮಾತ್ರ ಜನರ ಬಾಯಿಯ ಮೇಲೆ ಊರೂರು ತಿರುಗಿತು. ನಮ್ಮ ಊರಿಗೂ ಬಂದಿದೆ. ಕೈರೋದ ಹಳೆಯ ಸಿನಗಾಗಿನ ಕೋಣೆಯೊಂದರಲ್ಲಿ ಎಸೆಯದೆ ಕೂಡಿಟ್ಟಿದ್ದ ಕಾಗದಗಳ ರಾಶಿಯಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ವ್ಯಾಪಾರಿಯ ಪತ್ರಗಳು ಸಿಕ್ಕಿವೆ. ಈಗಿನ ಟ್ಯುನೀಷಿಯಾದವನು. 1132ರ ಹೊತ್ತಿಗೆ ಮಂಗಳೂರಿಗೆ ಬಂದು ಮುಂದಿನ ಸುಮಾರು 17 ವರ್ಷಗಳಲ್ಲಿ ಹೆಚ್ಚಿನ ಕಾಲ ಇಲ್ಲಿದ್ದ, ಹಿತ್ತಾಳೆಯ ಕಾರ್ಖಾನೆ ಇಟ್ಟಿದ್ದ. ಅವನ ಪರವಾಗಿ ಅರಬ್ ಕರಾವಳಿಯ ಏಡನ್‌ಗೆ ಹೋಗಿ ಬರುತ್ತಿದ್ದ ಆಳು ಬೊಮ್ಮನ ಹೆಸರನ್ನು ನೀನೂ ಕೇಳಿರುತ್ತೀಯ. ಇಲ್ಲಿ ಕಾಗದ ಸಿಗದೆ ಏಡನ್‌ನ ಸ್ನೇಹಿತರಿಂದ ತರಿಸಿಕೊಳ್ಳುತ್ತಿದ್ದ, ಬಂದ ಪತ್ರದ ಹಿಂದೆಯೇ ಲೆಕ್ಕ ಗೀಚುತ್ತಿದ್ದ. ಅವನು ಪದ್ಯವನ್ನೂ ಬರೆಯುತ್ತಿದ್ದ, ಪ್ರಾರ್ಥನೆಯ ಹಾಡುಗಳನ್ನು, ಹೀಬ್ರೂವಿನಲ್ಲಿ. ಬಲ್ಲವರು ಅವನನ್ನು ದೊಡ್ಡ ಕವಿಯೆಂದೇನೂ ಒಪ್ಪುವುದಿಲ್ಲ. ಪಾಪ, ವ್ಯಾಪಾರಿ. ಆದರೆ ದಿನಕ್ಕೆ ಮೂರು ಸಲ 145ನ್ನು ಹೇಳುವ ಪದ್ಧತಿಯವನು. ಆಟಿ ತಿಂಗಳ ಮಳೆಯಲ್ಲಿ, ಹಡಗುಗಳೆಲ್ಲ ನಿಂತುಹೋದಾಗ, ಮಂಗಳೂರಿನ ಯಾವುದೋ ಮಾಡಿನ ಕೆಳಗೆ ಕೂತು ಅವನು ಆ ನಕಾರವಿಲ್ಲದ ಹಾಡನ್ನು ಒಬ್ಬನೇ ಹೇಳಿಕೊಂಡಿರಬೇಕು. ಹಿಮ್ಮೇಳಕ್ಕೆ ಯಾರಿದ್ದರೋ. ಮನೆಯವಳು ಆಶು ಈ ಕಡೆಯವಳೇ. ಕೇಳಿ ಕೇಳಿ ಅವಳಿಗೂ ಬಾಯಿಪಾಠ ಬಂದಿದ್ದರೆ ಆಶ್ಚರ್ಯವಿಲ್ಲ, ನನ್ನ ಮಗಳಿಗೆ ಐದೇ ಸಾಲು ಸಾಕಾಯಿತಲ್ಲ.

ನವರಾತ್ರಿಗೆ ಬರುತ್ತೇವೆ. ಮಾಸ್ಟ್ರ ಮನೆಗೆ ನಾವಿಬ್ಬರೂ ಒಟ್ಟಿಗೆ ಹೋಗುವ, ಅಮ್ಮನವರು ಒಬ್ಬರೇ ಇರುತ್ತಾರೆ. ಅವರಿಗೆ ಕೀರ್ತನೆಗಳು ಕನ್ನಡದಲ್ಲಿ ಬಾಯಿಗೆ ಬರುತ್ತವೆಂದು ನೀನೇ ಹೇಳಿದ್ದೆ. 136ನ್ನು ಅವರು ಹೇಳಲಿ, ಪಲ್ಲವಿ ನಮ್ಮದು. ನಿನ್ನ ತಾಳ ಚೀಲದಲ್ಲಿಟ್ಟುಕೊಂಡು ಬಾ, ಒಂದೇ ಸಾಕು.

ನಿನ್ನ,
ರಘು