ಜೆರೆಮಿ ಲಿನ್ ಅಲೆದಾಡಿದ್ದಲ್ಲ, ಹುಡುಕಿದ್ದು

ಸಂಪಾದಕರೇ, ನಮಸ್ಕಾರ.

2025ರಲ್ಲಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಜೆರೆಮಿ ಲಿನ್ ರಿಟೈರ್ ಆದ ಸುದ್ದೀನ ನಿಮ್ಮ ಕ್ರೀಡಾಪುಟದ ಮೂಲೇಲಿ ಎರಡು ಸಾಲಲ್ಲಿ ಹಾಕಿದ್ರಿ, ಒಂದು ತಿಂಗಳು ಮಿಂಚಿ ಆಮೇಲೆ ಟೀಮಿಂದ ಟೀಮಿಗೆ ಅಲೆದಾಡಿದ ಆಟಗಾರ ಅಂತ. ಹಾಕಿದ್ದೇ ದೊಡ್ಡದು ಬಿಡಿ, ಬ್ಯಾಸ್ಕೆಟ್‌ಬಾಲ್‌ಗೆ ನಮ್ಮ ಪೇಪರ್‌ಗಳಲ್ಲಿ ಸಿಗೋ ಜಾಗಾನೇ ಅಷ್ಟು. ಆದ್ರೆ ಆ "ಅಲೆದಾಡಿದ" ಅನ್ನೋ ಪದ ಓದಿ ನಂಗೆ ಬೆಳಗ್ಗಿನ ಕಾಫಿ ಸೇರ್ಲಿಲ್ಲ, ಅದಕ್ಕೇ ಈ ಪತ್ರ.

ಅವನ ಹೈಸ್ಕೂಲ್ ಟೀಮು 2006ರಲ್ಲಿ ಕ್ಯಾಲಿಫೋರ್ನಿಯಾ ಸ್ಟೇಟ್ ಚಾಂಪಿಯನ್, ಇವನೇ ಕ್ಯಾಪ್ಟನ್, ಆದ್ರೂ ದೊಡ್ಡ ಕಾಲೇಜು ಒಂದೂ ಸ್ಕಾಲರ್‌ಶಿಪ್ ಕೊಡ್ಲಿಲ್ಲ. ಹಾರ್ವರ್ಡ್‌ಗೆ ಹೋದ, ಅಲ್ಲಿ ಆಟಕ್ಕೆ ಸ್ಕಾಲರ್‌ಶಿಪ್ ಅನ್ನೋದೇ ಇಲ್ಲ. ಎನ್‌ಬಿಎ ಅಂದ್ರೆ ಅಮೆರಿಕದ ದೊಡ್ಡ ಬ್ಯಾಸ್ಕೆಟ್‌ಬಾಲ್ ಲೀಗು, ಅದರ ಟೀಮುಗಳು ಹೊಸ ಆಟಗಾರರನ್ನ ಆರಿಸ್ಕೊಳ್ಳೋ 2010ರ ಡ್ರಾಫ್ಟ್‌ನಲ್ಲಿ 60 ಹೆಸರು ಕೂಗಿದ್ರು, ಅದ್ರಲ್ಲಿ ಇವನದಿಲ್ಲ. ಹೆಂಗೋ ಗೋಲ್ಡನ್ ಸ್ಟೇಟ್ ಟೀಮಿಗೆ ಸೇರ್ಕೊಂಡ. 2011ರ ಡಿಸೆಂಬರ್‌ನಲ್ಲಿ ಅವರು ಕೈಬಿಟ್ರು, ಹ್ಯೂಸ್ಟನ್‌ನವರು ತಗೊಂಡ್ರು, ಎರಡು ವಾರ ಕೂಡ ಆಗಿರ್ಲಿಲ್ಲ, ಕ್ರಿಸ್‌ಮಸ್ ಹಿಂದಿನ ದಿನ ಅವರೂ ಕಳಿಸಿಬಿಟ್ರು. ನ್ಯೂಯಾರ್ಕ್ ನಿಕ್ಸ್ ಕರೆದಿದ್ದು ಇವನ ಮೇಲಿನ ಪ್ರೀತಿಗಲ್ಲ, ಅವರ ಗಾರ್ಡ್‌ಗಳು, ಅಂದ್ರೆ ಬಾಲ್ ಹಿಡಿದು ಆಟ ನಡೆಸೋರು, ಗಾಯ ಆಗಿ ಕೂತಿದ್ರು, ಬೆಂಚಲ್ಲಿ ಕೂರಕ್ಕೆ ಒಬ್ಬ ಬೇಕಿತ್ತು ಅಷ್ಟೇ. ಮನೆ ಬಾಡಿಗೆಗೆ ತಗೊಳೋ ಧೈರ್ಯಾನೂ ಇಲ್ಲ, ಯಾವಾಗ ಹೊರಗೆ ಹಾಕ್ತಾರೋ ಗೊತ್ತಿಲ್ಲ, ಅಣ್ಣನ ಮನೆ ಸೋಫಾ ಮೇಲೆ ಮಲಗ್ತಿದ್ದ.

ಫೆಬ್ರವರಿ 10ರ ಒಳಗೆ ಕೈಬಿಟ್ರೆ ನಿಕ್ಸ್‌ಗೆ ಸೀಸನ್ ಪೂರ್ತಿ ಸಂಬಳ ಕೊಡೋದು ಉಳೀತಿತ್ತು. ಆರು ದಿನ ಮುಂಚೆ, ಅಂದ್ರೆ 2012ರ ಫೆಬ್ರವರಿ 4ಕ್ಕೆ, ಸೋತು ಸುಣ್ಣ ಆಗಿದ್ದ ಕೋಚ್ ಮೈಕ್ ಡಿ'ಆಂಟೋನಿ ಬೇರೆ ದಾರಿ ಇಲ್ದೆ ಇವನನ್ನ ಇಳಿಸಿದ್ರು, 25 ಪಾಯಿಂಟ್ ಹೊಡೆದ. ಫೆಬ್ರವರಿ 10ನೇ ತಾರೀಕು ಕೋಬಿ ಬ್ರಯಂಟ್ ಇದ್ದ ಲೇಕರ್ಸ್ ಮೇಲೆ 38. ಸಾಲಾಗಿ ಏಳು ಮ್ಯಾಚ್ ಗೆಲುವು. ಎಲ್ಲಾರೂ ಪವಾಡ ಅಂದ್ರು. ನಂಗೆ ಅದು ಪವಾಡ ಅನ್ಸಲ್ಲ, ಯಾಕಂದ್ರೆ ಡಿ'ಆಂಟೋನಿ ಆಡಿಸೋ ಆಟಾನೇ ಪಿಕ್ ಅಂಡ್ ರೋಲ್: ಎತ್ತರದ ಆಟಗಾರ ಬಂದು ಎದುರಾಳಿಗೆ ಅಡ್ಡ ನಿಲ್ತಾನೆ, ಬಾಲ್ ಹಿಡಿದೋನು ಆ ಸಂದೀಲಿ ನುಗ್ತಾನೆ, ಮಿಕ್ಕಿದ್ದೆಲ್ಲ ಅವನ ತಲೆಗೇ ಬಿಟ್ಟಿದ್ದು. ಲಿನ್‌ಗೆ ಬರ್ತಿದ್ದಿದ್ದೂ ಅದೇ. ಎರಡು ತಿಂಗಳ ಹಿಂದೆ ಎರಡು ಟೀಮಿಗೆ ಬೇಡವಾಗಿದ್ದ ಅದೇ ಹುಡುಗ, ಅದೇ ಕೈ, ಅದೇ ಕಾಲು, ಬದಲಾಗಿದ್ದು ಅವನ ಕೈಗೆ ಬಾಲ್ ಕೊಟ್ಟೋರು.

ಮಾರ್ಚ್‌ನಲ್ಲಿ ಡಿ'ಆಂಟೋನಿ ರಾಜೀನಾಮೆ ಕೊಟ್ಟು ಹೋದ್ರು, ಏಪ್ರಿಲ್‌ನಲ್ಲಿ ಲಿನ್‌ಗೆ ಮಂಡಿ ಆಪರೇಷನ್ ಆಯ್ತು. ಆಮೇಲೆ ಹ್ಯೂಸ್ಟನ್‌ನವರು ಮೂರು ವರ್ಷಕ್ಕೆ 2.5 ಕೋಟಿ ಡಾಲರ್ ಕೊಟ್ಟು ಮತ್ತೆ ಕರೆಸ್ಕೊಂಡ್ರು, ಹೌದು, ಕ್ರಿಸ್‌ಮಸ್‌ಗೆ ಕಳಿಸಿದ್ರಲ್ಲ ಅವರೇ. ಇವನೇ ಅಲ್ಲಿ ಮುಖ್ಯ ಗಾರ್ಡ್ ಅಂತ ಹೋದ್ರೆ ಸೀಸನ್ ಶುರುವಾಗೋ ಹೊತ್ತಿಗೆ ಸರಿಯಾಗಿ ಇನ್ನೊಬ್ಬ ಗಾರ್ಡ್ ಜೇಮ್ಸ್ ಹಾರ್ಡನ್ ಬಂದು ಇಳಿದ, ಬಾಲ್ ಎಲ್ಲಾ ಅವನ ಕೈಗೆ. ಇದ್ರಲ್ಲಿ ಯಾರದ್ದು ತಪ್ಪು ಹೇಳಿ? ಹುಡುಗಿ ನೋಡಕ್ಕೆ ಹೋದಾಗ ಮನೆ ತುಂಬಾ ಚೆನ್ನಾಗೇ ಇತ್ತು, ಮದುವೆ ದಿನ ನೋಡಿದ್ರೆ ಬೀಗರೇ ಬೇರೆ ಅನ್ನೋ ಥರ.

ಲೇಕರ್ಸ್, ಷಾರ್ಲೆಟ್ ಎಲ್ಲಾ ಆಯ್ತು. 2016ರಲ್ಲಿ ಬ್ರೂಕ್ಲಿನ್ ನೆಟ್ಸ್ ಸೇರಿದ್ದು ಮಾತ್ರ ಗಮನಿಸಬೇಕು, ಆಗ ಅದು ಲೀಗ್‌ನ ತೀರಾ ಕೆಳಗಿನ ಟೀಮುಗಳಲ್ಲಿ ಒಂದು, ಯಾರೂ ಇಷ್ಟಪಟ್ಟು ಹೋಗೋ ಜಾಗ ಅಲ್ಲ. ಆದ್ರೆ ಅಲ್ಲಿನ ಹೊಸ ಕೋಚ್ ಕೆನ್ನಿ ಅಟ್ಕಿನ್ಸನ್, ನಿಕ್ಸ್‌ನಲ್ಲಿ ಅಸಿಸ್ಟೆಂಟ್ ಆಗಿದ್ದಾಗ ಇವನ ಜೊತೆ ನಿಂತು ಪ್ರಾಕ್ಟೀಸ್ ಮಾಡಿಸಿದ್ದ ಮನುಷ್ಯ. ಕಪ್ ನೋಡದೆ ಕೋಚ್ ನೋಡಿ ಟೀಮ್ ಹಿಡಿದ. ಇಷ್ಟು ತಿಳಿದು ಆರಿಸ್ಕೊಂಡ್ರೂ ಮೊದಲ ವರ್ಷ ತೊಡೆ ಸ್ನಾಯು ಕೈಕೊಟ್ಟು 36 ಮ್ಯಾಚ್ ಅಷ್ಟೇ, ಎರಡನೇ ವರ್ಷ ಮೊದಲ ಮ್ಯಾಚಲ್ಲೇ ಮಂಡಿಯ ಸ್ನಾಯುರಜ್ಜು ಹರಿದು ಸೀಸನ್ನೇ ಮುಗೀತು.

2019ರಲ್ಲಿ ಟೊರಾಂಟೊ ರಾಪ್ಟರ್ಸ್ ಜೊತೆ ಚಾಂಪಿಯನ್ ಆದ. ಫೈನಲ್ಸ್ ಪೂರ್ತಿ ಸೇರಿ ಆಡಿದ್ದು ಒಂದು ನಿಮಿಷದ ಹತ್ರ. ಚಾಂಪಿಯನ್‌ಗಳಿಗೆ ಕೊಡೋ ಉಂಗುರ ಸಿಕ್ತು, ಊರೆಲ್ಲ ಮೆರವಣಿಗೆ ಆಯ್ತು, ಮುಂದಿನ ತಿಂಗಳೇ ತೈವಾನ್‌ನಲ್ಲಿ ಜನರ ಮುಂದೆ ನಿಂತು ಕಣ್ಣೀರು ಹಾಕಿದ, ಎನ್‌ಬಿಎ ನನ್ನ ಕೈಬಿಟ್ಟಿದೆ ಅನ್ಸತ್ತೆ ಅಂದ. ನಾನು ಆ ವಿಡಿಯೋ ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ. ಗೆದ್ದ ಟೀಮಲ್ಲಿ ಇರೋದೂ, ಟೀಮಿಗೆ ನಾನು ಬೇಕು ಅನ್ನಿಸಿಕೊಳ್ಳೋದೂ ಬೇರೆ ಬೇರೆ ಅಂತ ನಂಗೆ ಅರ್ಥ ಆಗಿದ್ದು ಆವತ್ತು. ಬೀಜಿಂಗ್‌ನಲ್ಲಿ ಒಳ್ಳೇ ದುಡ್ಡು ಬರ್ತಿದ್ದಾಗಲೂ ಅದನ್ನ ಬಿಟ್ಟು 2021ರಲ್ಲಿ ಎನ್‌ಬಿಎ ಕೆಳಗಿನ ಜಿ ಲೀಗ್‌ಗೆ ವಾಪಸ್ ಬಂದ, ಪುಡಿಗಾಸಿನ ಸಂಬಳಕ್ಕೆ, ಚೆನ್ನಾಗೇ ಆಡಿದ, ಕರೆ ಮಾತ್ರ ಬರ್ಲಿಲ್ಲ.

ಇಷ್ಟಕ್ಕೂ ಇದು ನಮಗೆ ಹೊಸದಾ? ಕರುಣ್ ನಾಯರ್ ಟೆಸ್ಟಲ್ಲಿ 303 ಹೊಡೆದೋರು, ಕರ್ನಾಟಕ ಟೀಮಲ್ಲೇ ಜಾಗ ಇಲ್ದಂಗಾಗಿ ವಿದರ್ಭಕ್ಕೆ ಹೋದ್ರು, ಅಲ್ಲಿ ರಣಜಿ ಫೈನಲ್‌ನಲ್ಲಿ ಸೆಂಚುರಿ ಹೊಡೆದು ಕಪ್ ಗೆಲ್ಲಿಸಿದ ಮೇಲೆ ನಮ್ಮ ಹುಡುಗ ನಮ್ಮ ಹುಡುಗ ಅಂತ ನಾವೇ ಕುಣಿದಾಡಿದ್ವಿ. ಅವರಿಗೆ ಯಾರೂ ಅಲೆದಾಡಿದ ಅನ್ಲಿಲ್ಲ, ಅನ್ಬಾರ್ದು ಕೂಡ.

ನಿಮ್ಮ ಸುದ್ದೀಲಿ ಬಿಟ್ಟುಹೋಗಿದ್ದು ಇನ್ನೊಂದಿದೆ. ಲಿನ್ ಕೊನೆಗೆ ಆಡಿದ್ದು ತೈವಾನ್‌ನ ನ್ಯೂ ತೈಪೆ ಕಿಂಗ್ಸ್ ಟೀಮಿಗೆ, ಅವನ ತಮ್ಮ ಜೋಸೆಫ್ ಅದೇ ಟೀಮಲ್ಲಿದ್ದ. 2024ರಲ್ಲೂ ಕಪ್ ಗೆದ್ರು, 2025ರಲ್ಲೂ ಗೆದ್ರು, ಈ ಸಲ ಬೆಂಚಲ್ಲಿ ಕೂತಲ್ಲ. ಅಣ್ಣನ ಸೋಫಾದಿಂದ ಶುರುವಾಗಿ ತಮ್ಮನ ಟೀಮಲ್ಲಿ ಮುಗೀತು. ಮುಂದಿನ ಸಲ ಬ್ಯಾಸ್ಕೆಟ್‌ಬಾಲ್ ಸುದ್ದಿಗೆ ನಾಲ್ಕು ಸಾಲಾದ್ರೂ ಕೊಡಿ.

ಇಂತಿ,
ನಿಮ್ಮ ಹಳೇ ಓದುಗ, ದಾವಣಗೆರೆ